ಮಕ್ಕಳಿಗೆ ಶುಚಿ ಕಲಿಸಬೇಕಾದವರು ಯಾರು? ಮನೆಯೋ, ಶಾಲೆಯೋ, ಊರೋ?

"ಮಕ್ಕಳನ್ನ ಸ್ವಲ್ಪ ಶುಚಿಯಾಗಿ ಕಳಿಸಿ ಅಂತ ಎಷ್ಟು ಸಲ ಹೇಳೋದು?" ಇದು ಮೇಷ್ಟ್ರ ಮಾತು.

"ಅದನ್ನೆಲ್ಲ ಕಲೀಲಿ ಅಂತಾನೇ ಅಲ್ವಾ ಸ್ಕೂಲಿಗೆ ಕಳ್ಸೋದು?" ಇದು ತಂದೆ ತಾಯಿಯರ ಮಾತು.

ನಮ್ಮ ಹಳ್ಳಿ ಶಾಲೆಗಳ ಪೋಷಕರ ಸಭೆಗಳಲ್ಲಿ ಈ ಎರಡು ಮಾತು ಕೇಳದೇ ಇರುವವರು ಕಡಿಮೆ. ಉಗುರು ಕತ್ತರಿಸುವುದು, ಹಲ್ಲುಜ್ಜುವುದು, ಊಟಕ್ಕೆ ಮುಂಚೆ ಮತ್ತು ಕಕ್ಕಸಿಗೆ ಹೋಗಿ ಬಂದ ಮೇಲೆ ಕೈ ತೊಳೆಯುವುದು. ಇಷ್ಟು ಚಿಕ್ಕ ಪಾಠ ಯಾರ ಜವಾಬ್ದಾರಿ ಅನ್ನುವುದು ಇವತ್ತಿಗೂ ತೀರ್ಮಾನ ಆಗಿಲ್ಲ. ಇದು ಹೊಸ ಜಗಳವೂ ಅಲ್ಲ. ನೂರು ವರ್ಷಕ್ಕೂ ಹಿಂದಿನಿಂದ ನಡೆದುಬಂದಿದೆ. ಆ ಕಾಲದಲ್ಲಿ ಏನೇನಾಯಿತು ಅಂತ ನೋಡಿದರೆ ಇವತ್ತಿನ ಜಗಳಕ್ಕೂ ಒಂದು ದಾರಿ ಕಾಣಬಹುದು. ಅದಕ್ಕೇ ಈ ಬರಹ.

ಶಾಲೆ ಬರುವ ಮೊದಲು

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡೋಣ. ಹಳ್ಳಿಯವರಿಗೆ ಶುಚಿ ಗೊತ್ತಿರಲಿಲ್ಲ, ಶಾಲೆ ಬಂದು ಕಲಿಸಿತು ಅನ್ನುವುದು ನಿಜವಲ್ಲ.

ಹೊರಗಿನಿಂದ ಬಂದರೆ ಕಾಲು ತೊಳೆದು ಒಳಗೆ ಬರಬೇಕು ಅಂತ ಹೇಳಿಕೊಟ್ಟಿದ್ದು ಯಾವ ಪಠ್ಯಪುಸ್ತಕವೂ ಅಲ್ಲ, ಅಜ್ಜಿ. ಹಲ್ಲಿಗೆ ಬೇವಿನ ಕಡ್ಡಿ, ಇಲ್ಲವೇ ಇದ್ದಿಲು. ತಲೆಗೆ ಸೀಗೆಕಾಯಿ. ಬಟ್ಟೆಗೆ ಅಂಟುವಾಳದ ಕಾಯಿ. ಪಾತ್ರೆಗೆ ಬೂದಿ, ಹುಣಸೆಹಣ್ಣು. ಅಂಗಳಕ್ಕೆ ಸಗಣಿ ನೀರು. ಸೋಪು ನಮ್ಮ ಹಳ್ಳಿಗಳಿಗೆ ಬಂದದ್ದು ಬಹಳ ತಡವಾಗಿ. ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆ ಶುರು ಮಾಡಿದ್ದೇ 1910ರ ದಶಕದಲ್ಲಿ. ಅಲ್ಲಿಯವರೆಗೂ, ಆಮೇಲೂ ಎಷ್ಟೋ ವರ್ಷ, ಮನೆಯಲ್ಲಿ ಸಿಗುವ ವಸ್ತುಗಳಿಂದಲೇ ಜನ ಶುಚಿಯಾಗಿ ಇರುತ್ತಿದ್ದರು. ಅಂದರೆ ಮೊದಲ ಶಾಲೆ ಮನೆಯೇ ಆಗಿತ್ತು.

ಆದರೆ ಮನೆಯ ಪಾಠದಲ್ಲಿ ಇನ್ನೊಂದು ಪಾಠವೂ ಸೇರಿಕೊಂಡಿತ್ತು. ಅದು ಮಡಿ ಮೈಲಿಗೆಯ ಪಾಠ.

ಮಡಿ ಬೇರೆ, ಶುಚಿ ಬೇರೆ. ಕೊಳೆ ತೆಗೆಯುವುದು ಶುಚಿ. ಯಾರನ್ನು ಮುಟ್ಟಬಹುದು, ಯಾರನ್ನು ಮುಟ್ಟಬಾರದು ಅಂತ ಹೇಳುವುದು ಮಡಿ. ಬಗ್ಗಡದ ನೀರಲ್ಲಿ ಮುಳುಗಿ ಎದ್ದರೂ ಮಡಿ ಆಗಬಹುದು. ಆಗ ತಾನೇ ಸ್ನಾನ ಮಾಡಿ ಒಗೆದ ಬಟ್ಟೆ ಉಟ್ಟವನು ಮುಟ್ಟಿದರೂ ಮೈಲಿಗೆ ಆಗಬಹುದು, ಅವನ ಜಾತಿ ನೋಡಿ. ಮಕ್ಕಳು ಇವೆರಡನ್ನೂ ಒಂದೇ ಅಂತ ಕಲಿತರು. ಅದರ ಫಲ ಶಾಲೆಯ ಬಾಗಿಲಲ್ಲೇ ಕಂಡಿತು.

1856ರ ಜೂನ್ ತಿಂಗಳು. ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಮಹಾರ್ ಸಮುದಾಯದ ಹುಡುಗನೊಬ್ಬ ಅರ್ಜಿ ಕೊಟ್ಟ. ಶಾಲೆ ಸೇರಿಸಿಕೊಳ್ಳಲಿಲ್ಲ. ಅವನೊಬ್ಬ ಬಂದರೆ ಮೇಲ್ಜಾತಿಯ ಮಕ್ಕಳೆಲ್ಲ ಶಾಲೆ ಬಿಡುತ್ತಾರೆ ಅನ್ನುವ ಭಯ. ಬೊಂಬಾಯಿ ಸರ್ಕಾರವೂ ಅದಕ್ಕೇ ತಲೆಬಾಗಿತು. ವಿಷಯ ಈಸ್ಟ್ ಇಂಡಿಯಾ ಕಂಪನಿಯ ಮೇಲಿನವರ ತನಕ ಹೋಯಿತು. ಸರ್ಕಾರಿ ಶಾಲೆ ಅಂದ ಮೇಲೆ ಎಲ್ಲರಿಗೂ ತೆರೆದಿರಬೇಕು ಅನ್ನುವ ಮಾತು ಕಾಗದದ ಮೇಲೆ ಬಂತು. ಊರಿನ ಮನಸ್ಸಿಗೆ ಬರಲು ಇನ್ನೂ ಬಹಳ ಕಾಲ ಬೇಕಾಯಿತು.

ಆ ಹುಡುಗ ಸ್ನಾನ ಮಾಡಿದ್ದಾನಾ, ಉಗುರು ಕತ್ತರಿಸಿದ್ದಾನಾ ಅನ್ನುವುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಈ ಮಾತನ್ನು ನೆನಪಲ್ಲಿ ಇಟ್ಟುಕೊಳ್ಳಿ. "ಆ ಮಗು ಗಲೀಜು" ಅಂತ ಇವತ್ತು ಶಾಲೆಯಲ್ಲಿ ಯಾರಾದರೂ ಅಂದರೆ, ಹೇಳುತ್ತಿರುವುದು ಉಗುರಿನ ಬಗ್ಗೆಯೋ, ಕೇರಿಯ ಬಗ್ಗೆಯೋ ಅಂತ ಒಮ್ಮೆ ಯೋಚಿಸಬೇಕಾಗುತ್ತದೆ.

ಪ್ಲೇಗು ಬಂದಾಗ ಸರ್ಕಾರವೇ ಮೇಷ್ಟ್ರಾಯಿತು

1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ರೈಲಿನ ದಾರಿ ಹಿಡಿದು ಹುಬ್ಬಳ್ಳಿ, ಧಾರವಾಡ ಸೀಮೆಗೆ ಹರಡಿತು. 1898ರಲ್ಲಿ ಬೆಂಗಳೂರು, ಮೈಸೂರನ್ನೂ ಮುಟ್ಟಿತು. ಆಗ ಸರ್ಕಾರಕ್ಕೆ ಜನರ ಶುಚಿ ಇದ್ದಕ್ಕಿದ್ದಂತೆ ನೆನಪಾಯಿತು.

ಆದರೆ ಕಲಿಸಿದ್ದು ಪುಸ್ತಕದಿಂದಲ್ಲ, ಬಲವಂತದಿಂದ. ಅದಕ್ಕೆಂದೇ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಕೊರೊನಾ ಕಾಲದಲ್ಲೂ ಸರ್ಕಾರಗಳು ಕೈಗೆತ್ತಿಕೊಂಡಿದ್ದು ಇದೇ ಕಾಯ್ದೆಯನ್ನು. ಅಧಿಕಾರಿಗಳು ಮನೆಗೆ ನುಗ್ಗಿ ಹುಡುಕಿದರು. ರೋಗಿಗಳನ್ನು ಎಳೆದೊಯ್ದು ಕ್ಯಾಂಪಿಗೆ ಹಾಕಿದರು. ಸಾಮಾನು ಸುಟ್ಟರು, ಮನೆಗೆ ಔಷಧಿ ನೀರು ಹೊಡೆದರು. ಜನ ಏನು ಮಾಡಿದರು? ಕಾಯಿಲೆ ಮುಚ್ಚಿಟ್ಟರು. ಸತ್ತವರನ್ನೂ ಮುಚ್ಚಿಟ್ಟರು.

ಹಳ್ಳಿ ಜನರಿಗೆ ಒಂದು ವಿಷಯ ತಮ್ಮದೇ ಅನುಭವದಿಂದ ಗೊತ್ತಾಗಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಡಬೇಕು. ಎಷ್ಟೋ ಊರುಗಳಲ್ಲಿ "ಇಲಿ ಬಿತ್ತು" ಅಂದರೆ ಸಾಕು, ಗಂಟುಮೂಟೆ ಕಟ್ಟಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡುತ್ತದೆ ಅಂತ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ. ವೈದ್ಯರೆಲ್ಲ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಂದರೆ ಮೊದಮೊದಲು ಜನರಿಗೆ ಶುಚಿಯ ಪಾಠ ಹೇಳಲು ಬಂದವರಿಗೇ ರೋಗ ಹೇಗೆ ಹರಡುತ್ತದೆ ಅನ್ನುವುದು ಗೊತ್ತಿರಲಿಲ್ಲ. ಇಲಿ ನೋಡಿ ಊರು ಬಿಟ್ಟ ಹಳ್ಳಿಯವರು ಅವರಿಗಿಂತ ಒಂದು ಹೆಜ್ಜೆ ಮುಂದೆ ಇದ್ದರು.

ಪ್ಲೇಗಿನ ಕಾಲ ಕಲಿಸಿದ್ದು ಇಷ್ಟು. ಹೆದರಿಸಿದರೆ ಜನ ಶುಚಿ ಆಗುವುದಿಲ್ಲ, ಮುಚ್ಚಿಡಲು ಕಲಿಯುತ್ತಾರೆ. ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ಪ್ರಾರ್ಥನೆಯ ಸಾಲಿನಲ್ಲಿ ಉಗುರು ನೋಡಿ ಬೆರಳಿಗೆ ಹೊಡೆದರೆ, ಮಗು ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುವುದನ್ನು ಕಲಿಯುತ್ತದೆ.

ಚಂಪಾರಣ್ಯದ ಒಂದು ಸೀರೆ

ಈ ಪ್ರಶ್ನೆಗೆ ಬೇರೆ ದಾರಿ ಹುಡುಕಿದ ಒಂದು ಕಥೆ ಬಿಹಾರದಲ್ಲಿ ನಡೆಯಿತು. ಅದಕ್ಕೂ ನಮ್ಮ ಬೆಳಗಾವಿಗೂ ನಂಟಿದೆ.

1917ರಲ್ಲಿ ಗಾಂಧೀಜಿ ಬಿಹಾರದ ಚಂಪಾರಣ್ಯಕ್ಕೆ ಹೋದದ್ದು ನೀಲಿ ಬೆಳೆಯುವ ರೈತರ ಕಷ್ಟ ವಿಚಾರಿಸಲು. ಬ್ರಿಟಿಷ್ ತೋಟದ ಮಾಲೀಕರು ರೈತರಿಂದ ಬಲವಂತವಾಗಿ ನೀಲಿ ಬೆಳೆಸುತ್ತಿದ್ದರು. ಆ ಹೋರಾಟದ ಬಗ್ಗೆ ನಾವು ಶಾಲೆಯಲ್ಲಿ ಓದಿದ್ದೇವೆ. ಆದರೆ ಅದರ ಜೊತೆಗೇ ಗಾಂಧೀಜಿ ಆರು ಹಳ್ಳಿಗಳಲ್ಲಿ ಶಾಲೆ ತೆರೆಯಲು ಹೊರಟರು ಅನ್ನುವುದನ್ನು ಅಷ್ಟಾಗಿ ಓದಿಲ್ಲ. ಮೊದಲನೆಯದು ಆ ವರ್ಷದ ನವೆಂಬರ್‌ನಲ್ಲಿ ಬರಹರ್ವಾ ಎಂಬ ಹಳ್ಳಿಯಲ್ಲಿ ಶುರುವಾಯಿತು. ಕೆಲವೇ ದಿನಕ್ಕೆ ಭಿತಿಹರ್ವಾದಲ್ಲಿ ಇನ್ನೊಂದು.

ಕಲಿಸಲು ಜನ ಬೇಕಲ್ಲ? ಸಂಬಳ ಕೊಡಲು ದುಡ್ಡಿಲ್ಲ. ಊರಿನವರು ಕಾಳುಕಡ್ಡಿ, ಇರಲು ಜಾಗ ಕೊಡಬೇಕು, ಅಷ್ಟೇ. ಗಾಂಧೀಜಿ ಸ್ವಯಂಸೇವಕರು ಬೇಕು ಅಂತ ಕರೆ ಕೊಟ್ಟರು. 'ಕರ್ನಾಟಕದ ಸಿಂಹ' ಅಂತ ಹೆಸರಾದ ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ ಇಬ್ಬರನ್ನು ಕಳಿಸಿಕೊಟ್ಟರು: ಬಾಬಾಸಾಹೇಬ್ ಸೋಮಣ ಮತ್ತು ಪುಂಡಲೀಕ. ಬೊಂಬಾಯಿಯಿಂದ ಅವಂತಿಕಾಬಾಯಿ ಗೋಖಲೆ, ಪುಣೆಯಿಂದ ಆನಂದೀಬಾಯಿ ವೈಶಂಪಾಯನ ಬಂದರು. ಕಸ್ತೂರಬಾ ಬಂದರು. ಡಾಕ್ಟರ್ ದೇವ್ ಅವರೂ ಬಂದರು.

ಇಲ್ಲೊಂದು ತೊಡಕು ಇತ್ತು. ಬಂದ ಹೆಂಗಸರಲ್ಲಿ ಕೆಲವರಿಗೆ ಗುಜರಾತಿ ಅಕ್ಷರವೇ ಅಷ್ಟಕ್ಕಷ್ಟೆ, ಇನ್ನು ಹಿಂದಿಯಲ್ಲಿ ಪಾಠ ಹೇಳುವುದು ಹೇಗೆ? ಮಕ್ಕಳಿಗೆ ವ್ಯಾಕರಣ, ಲೆಕ್ಕಕ್ಕಿಂತ ಮೊದಲು ಶುಚಿ ಮತ್ತು ಒಳ್ಳೆಯ ನಡತೆ ಕಲಿಸಿ ಅಂತ ಗಾಂಧೀಜಿ ಹೇಳಿದರು. ಅಂದರೆ ಆ ಶಾಲೆಗಳಲ್ಲಿ ಶುಚಿಯೇ ಮೊದಲ ಪಾಠ.

ಆದರೆ ಶಾಲೆ ಶುರುವಾದ ಮೇಲೆ ಅವರಿಗೆ ಗೊತ್ತಾಯಿತು, ಶಾಲೆ ಒಂದೇ ಸಾಲದು. ಓಣಿ ತುಂಬ ಹೊಲಸು, ಬಾವಿಯ ಸುತ್ತ ಕೆಸರು. ದೊಡ್ಡವರು ಚಿಕ್ಕವರು ಎಲ್ಲರಿಗೂ ಚರ್ಮದ ಕಾಯಿಲೆ. ಮಗು ಶಾಲೆಯಲ್ಲಿ ಕೈ ತೊಳೆದು ಅದೇ ಕೆಸರಿಗೆ ವಾಪಸ್ ಹೋಗುತ್ತಿತ್ತು. ಆಗ ಸ್ವಯಂಸೇವಕರು ತಾವೇ ಪೊರಕೆ ಹಿಡಿದರು. ರಸ್ತೆ ಗುಡಿಸಿದರು, ಬಾವಿ ಸ್ವಚ್ಛ ಮಾಡಿದರು, ನೀರು ನಿಲ್ಲುವ ಗುಂಡಿ ಮುಚ್ಚಿದರು. ಡಾಕ್ಟರ್ ದೇವ್ ಅವರ ಔಷಧಿ ಪೆಟ್ಟಿಗೆಯಲ್ಲಿ ಇದ್ದದ್ದು ಹರಳೆಣ್ಣೆ, ಕ್ವಿನೈನ್, ಗಂಧಕದ ಮುಲಾಮು, ಮೂರೇ. ಕೆಲವು ಊರಿನವರು ನೋಡಿ ನಾಚಿ ತಾವೂ ಕೈಜೋಡಿಸಿದರು. ಇನ್ನು ಕೆಲವರು ನಮಗೆ ಇದು ಇಷ್ಟ ಇಲ್ಲ ಅಂತ ಮುಖದ ಮೇಲೇ ಹೇಳಿದರು.

ಒಂದು ದಿನ ಭಿತಿಹರ್ವಾದ ಹತ್ತಿರ ಗಾಂಧೀಜಿ ಕೆಲವು ಹೆಂಗಸರ ಬಟ್ಟೆ ತುಂಬ ಕೊಳೆಯಾಗಿದ್ದನ್ನು ನೋಡಿದರು. ಯಾಕೆ ಒಗೆಯುವುದಿಲ್ಲ ಅಂತ ಕೇಳಿ ಬಾ ಅಂತ ಕಸ್ತೂರಬಾ ಅವರಿಗೆ ಹೇಳಿದರು. ಕಸ್ತೂರಬಾ ಹೋಗಿ ಕೇಳಿದರು. ಒಬ್ಬ ಹೆಂಗಸು ಅವರನ್ನು ಗುಡಿಸಲ ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಒಳಗೆ ಪೆಟ್ಟಿಗೆ ಇಲ್ಲ, ಬೇರೆ ಬಟ್ಟೆ ಇಲ್ಲ. ಮೈಮೇಲಿನದೊಂದೇ ಸೀರೆ. ಅದನ್ನು ಒಗೆದು ಹಾಕಿದರೆ ಒಣಗುವ ತನಕ ಉಡುವುದು ಏನನ್ನು? ಇನ್ನೊಂದು ಸೀರೆ ಕೊಡಿಸಲು ಹೇಳಿ, ದಿನಾ ಸ್ನಾನ ಮಾಡಿ ಒಗೆದದ್ದು ಉಡುತ್ತೇನೆ ಅಂದಳು. ಗಾಂಧೀಜಿ ಇದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇಂಥ ಮನೆಗಳು ಭಾರತದ ಎಷ್ಟೋ ಹಳ್ಳಿಗಳಲ್ಲಿ ಇವೆ ಅಂತಲೂ ಹೇಳಿದ್ದಾರೆ.

ಆ ತಾಯಿಗೆ ಶುಚಿ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವಳಿಗೆ ಬೇಕಾಗಿದ್ದು ಪಾಠವಲ್ಲ, ಎರಡನೇ ಸೀರೆ.

ಭಿತಿಹರ್ವಾದ ಶಾಲೆ ಬಿದಿರು, ಹುಲ್ಲಿನದು. ಒಂದು ರಾತ್ರಿ ಅದಕ್ಕೆ ಬೆಂಕಿ ಬಿತ್ತು. ಆ ಶಾಲೆಯ ಹೊಣೆ ಇದ್ದದ್ದು ಕಸ್ತೂರಬಾ ಮತ್ತು ಬೆಳಗಾವಿಯಿಂದ ಬಂದ ಸೋಮಣ ಅವರ ಮೇಲೆ. ಸೋಮಣ ಇನ್ನು ಹುಲ್ಲಿನ ಶಾಲೆ ಬೇಡ, ಗಟ್ಟಿ ಕಟ್ಟಡವೇ ಬೇಕು ಅಂತ ತಾವೇ ದುಡಿಯಲು ನಿಂತರು. ಅವರನ್ನು ನೋಡಿ ಉಳಿದವರೂ ಸೇರಿದರು, ಕಟ್ಟಡ ಎದ್ದಿತು. ಆದರೆ ಸ್ವಯಂಸೇವಕರು ಅಲ್ಲಿ ಇದ್ದದ್ದು ಕೆಲವೇ ತಿಂಗಳು. ಈ ಕೆಲಸ ಕಾಯಂ ಆಗಿ ನಡೆಯಬೇಕು ಅನ್ನುವ ತಮ್ಮ ಆಸೆ ಕೈಗೂಡಲಿಲ್ಲ ಅಂತ ಗಾಂಧೀಜಿಯೇ ಬರೆದುಕೊಂಡರು.

ಚಂಪಾರಣ್ಯ ಎರಡು ಮಾತು ಹೇಳುತ್ತದೆ. ಕಲಿಸುವವರು ಮೊದಲು ತಾವು ಪೊರಕೆ ಹಿಡಿಯಬೇಕು. ಮನೆಯಲ್ಲಿ ಏನಿದೆ, ಏನಿಲ್ಲ ಅಂತ ಒಳಗೆ ಹೋಗಿ ನೋಡದೆ ತಾಯಿಯನ್ನು ಬೈಯಬಾರದು.

ಕ್ಲೋಸ್‌ಪೇಟೆಯಿಂದ ಬಂದ ದಾರಿ

ಇಪ್ಪತ್ತು ವರ್ಷದ ನಂತರ, 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಶಿಕ್ಷಣದ ಸಮ್ಮೇಳನ ನಡೆಯಿತು. ಝಾಕಿರ್ ಹುಸೇನ್ ಅವರ ಸಮಿತಿ ಅಲ್ಲಿಂದ ಮೂಲ ಶಿಕ್ಷಣದ ಯೋಜನೆ ಬರೆಯಿತು. ಶಾಲೆಯನ್ನು ಶುಚಿಯಾಗಿ ಇಡುವುದು, ಮೈ ಬಟ್ಟೆ ಶುಚಿ, ನೀರಿನ ಶುಚಿ, ಇವು ಪಾಠದ ಪುಸ್ತಕದ ಕೊನೆಯ ಅಧ್ಯಾಯವಾಗಿ ಅಲ್ಲ, ದಿನದ ಕೆಲಸವಾಗಿ ಬರಬೇಕು ಅನ್ನುವುದು ಅದರ ಆಶಯ.

ಅದೇ ದಶಕದಲ್ಲಿ ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ಒಂದು ಗ್ರಾಮೀಣ ಆರೋಗ್ಯ ಕೇಂದ್ರ ಶುರು ಮಾಡಿತು. ರೋಗಿ ಆಸ್ಪತ್ರೆಗೆ ಬರಲಿ ಅಂತ ಕಾಯುವ ಬದಲು ಆರೋಗ್ಯದವರೇ ಹಳ್ಳಿಗೆ ಹೋಗುವುದು ಅಲ್ಲಿನ ಪದ್ಧತಿ. ಇವತ್ತು ಆಶಾ ಕಾರ್ಯಕರ್ತೆ ನಿಮ್ಮ ಮನೆ ಬಾಗಿಲಿಗೆ ಬರುತ್ತಾರಲ್ಲ, ಆ ಯೋಚನೆಯ ಹಳೆಯ ಬೇರುಗಳಲ್ಲಿ ಇದೂ ಒಂದು.

ಆ ಕಾಲದ ಒಂದು ದೊಡ್ಡ ಶತ್ರು ಕೊಕ್ಕೆಹುಳು. ಬಯಲಲ್ಲಿ ಮಲ ವಿಸರ್ಜನೆ ಮಾಡಿದ ಮಣ್ಣಿನಲ್ಲಿ ಅದರ ಮರಿ ಬೆಳೆಯುತ್ತದೆ. ಬರಿಗಾಲಲ್ಲಿ ನಡೆದರೆ ಚರ್ಮ ತೂರಿ ಒಳಗೆ ಹೋಗಿ, ಕರುಳಲ್ಲಿ ಕೂತು ರಕ್ತ ಹೀರುತ್ತದೆ. ಮಗು ಬಿಳಿಚಿಕೊಳ್ಳುತ್ತದೆ, ಸುಸ್ತಾಗುತ್ತದೆ, ಪಾಠ ತಲೆಗೆ ಹೋಗುವುದಿಲ್ಲ. ಪರಿಹಾರ ಸುಲಭ: ಕಕ್ಕಸು ಕಟ್ಟಿ, ಕಾಲಿಗೆ ಚಪ್ಪಲಿ ಹಾಕಿ.

ಸುಲಭವೇ? ಆಗ ಎಷ್ಟೋ ಊರುಗಳಲ್ಲಿ ಮೇಲ್ಜಾತಿಯವರ ಬೀದಿಯಲ್ಲಿ ದಲಿತರು ಚಪ್ಪಲಿ ಮೆಟ್ಟಿ ನಡೆಯುವಂತೆಯೇ ಇರಲಿಲ್ಲ. ಚಪ್ಪಲಿ ಕೊಳ್ಳಲು ದುಡ್ಡಿದ್ದರೂ ಮೆಟ್ಟಲು ಊರು ಬಿಡಬೇಕಲ್ಲ? ಶಾಲೆ ಹೇಳಿಕೊಟ್ಟರೂ, ತಾಯಿ ಒಪ್ಪಿದರೂ, ಊರು ಬಿಡದಿದ್ದರೆ ಆ ಪಾಠ ಬೀದಿಗೆ ಬರುವುದೇ ಇಲ್ಲ.

ನಾರುಹುಣ್ಣು ಹೋದದ್ದು ಹೇಗೆ?

ಊರು ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ವಿಜಯಪುರ, ರಾಯಚೂರು, ಕಲಬುರಗಿ ಕಡೆಯ ಹಿರಿಯರನ್ನು ನಾರುಹುಣ್ಣಿನ ಬಗ್ಗೆ ಕೇಳಿ ನೋಡಿ. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಅದರಿಂದ ದಾರದಂಥ ಹುಳು ಹೊರಬರುತ್ತಿತ್ತು. ಎರಡು ಮೂರು ಅಡಿ ಉದ್ದ. ಎಳೆದರೆ ತುಂಡಾಗಿ ಕಾಲು ಕೊಳೆಯುತ್ತದೆ. ಅದಕ್ಕೇ ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ತೆಗೆಯುತ್ತಿದ್ದರು. ವಾರಗಟ್ಟಲೆ ಹೊಲದ ಕೆಲಸ ಇಲ್ಲ, ಮಕ್ಕಳಿಗೆ ಶಾಲೆ ಇಲ್ಲ.

ಅದು ಹರಡುತ್ತಿದ್ದದ್ದು ಮೆಟ್ಟಿಲ ಬಾವಿಯಿಂದ. ಹುಣ್ಣಿದ್ದವರು ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟಾಗ ಹುಳು ತನ್ನ ಮರಿಗಳನ್ನು ನೀರಿಗೆ ಬಿಡುತ್ತಿತ್ತು. ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳ ಹೊಟ್ಟೆಗೆ ಆ ಮರಿ ಸೇರುತ್ತಿತ್ತು. ಆ ನೀರು ಕುಡಿದವರಿಗೆ ಸುಮಾರು ಒಂದು ವರ್ಷದ ಮೇಲೆ ಹುಳು ಹೊರಗೆ ಬರುತ್ತಿತ್ತು. ಕುಡಿದದ್ದು ಹೋದ ವರ್ಷ, ಹುಣ್ಣು ಎದ್ದದ್ದು ಈ ವರ್ಷ. ಹಾಗಾಗಿ ನೀರಿಗೂ ಹುಣ್ಣಿಗೂ ಸಂಬಂಧ ಇದೆ ಅಂತ ಯಾರಿಗೂ ಸುಲಭಕ್ಕೆ ಹೊಳೆಯುತ್ತಿರಲಿಲ್ಲ.

ಇದಕ್ಕೆ ಲಸಿಕೆ ಇಲ್ಲ, ಔಷಧಿಯೂ ಇಲ್ಲ. 1980ರ ದಶಕದಲ್ಲಿ ದೇಶದಾದ್ಯಂತ ನಿರ್ಮೂಲನೆಯ ಕಾರ್ಯಕ್ರಮ ಶುರುವಾಯಿತು. ಮನೆಮನೆಗೆ ಹೋಗಿ ಹುಣ್ಣಿದ್ದವರನ್ನು ಗುರುತಿಸಿದರು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಹೇಳಿಕೊಟ್ಟರು. ಹುಣ್ಣಿದ್ದವರು ಬಾವಿಗೆ ಇಳಿಯಬೇಡಿ ಅಂದರು. ಇದೆಲ್ಲ ಪಾಠ. ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿದರು. ಮೆಟ್ಟಿಲ ಬಾವಿಗಳನ್ನು ಹಗ್ಗ ಬಿಟ್ಟು ಸೇದುವ ಬಾವಿಗಳಾಗಿ ಬದಲಾಯಿಸಿದರು, ಬೋರ್‌ವೆಲ್ ಕೊರೆದು ಕೈಪಂಪು ಹಾಕಿದರು. ಕಾಲು ನೀರಿಗೆ ಮುಟ್ಟುವ ದಾರಿಯೇ ಇಲ್ಲವಾಯಿತು.

1996ರಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತ ಅಂತ ಪ್ರಮಾಣಪತ್ರ ಕೊಟ್ಟಿತು.

ಔಷಧಿಯೇ ಇಲ್ಲದ ರೋಗವನ್ನು ಗೆದ್ದದ್ದು ತಾಯಿಯೋ, ಮೇಷ್ಟ್ರೋ? ತಾಯಿ ನೀರು ಸೋಸಿದಳು. ಕಲಿಸುವವರು ಕಾರಣ ಹೇಳಿದರು. ಸರ್ಕಾರ ಮತ್ತು ಊರು ಬಾವಿಯ ಮೆಟ್ಟಿಲು ಮುಚ್ಚಿಸಿತು. ಮೂರರಲ್ಲಿ ಒಂದು ಬಿಟ್ಟಿದ್ದರೂ ಹುಳು ಉಳಿದುಬಿಡುತ್ತಿತ್ತು.

ಶಾಲೆ ಊಟ ಹಾಕಲು ಶುರು ಮಾಡಿದ ಮೇಲೆ

ನಮ್ಮ ಕಾಲಕ್ಕೆ ಬರೋಣ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕು ಅಂತ ಆದೇಶ ಮಾಡಿತು. 2002ರ ಜೂನ್‌ನಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ, ಆಮೇಲೆ ರಾಜ್ಯಕ್ಕೆಲ್ಲ ಹರಡಿತು.

ಇದರಿಂದ ನಮ್ಮ ಪ್ರಶ್ನೆಯೇ ಬದಲಾಯಿತು. ಮಗು ಮನೆಯಲ್ಲಿ ಉಂಡು ಬರುವಾಗ ಕೈ ತೊಳೆಸುವುದು ಅಮ್ಮನ ಕೆಲಸವಾಗಿತ್ತು. ಮಧ್ಯಾಹ್ನದ ಊಟ ಶಾಲೆಯಲ್ಲಿ ಅಂದ ಮೇಲೆ, ಆ ಹೊತ್ತಿನ ಕೈ ತೊಳೆಸುವುದು ಶಾಲೆಯ ಕೆಲಸವೇ. ಇದರಲ್ಲಿ ವಾದಕ್ಕೆ ಜಾಗವಿಲ್ಲ. ತಟ್ಟೆ ಕೊಡುವವರು ನೀರೂ ಕೊಡಬೇಕು.

ಕಾನೂನೂ ಅದನ್ನೇ ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತಿ ಶಾಲೆಯಲ್ಲೂ ಕುಡಿಯುವ ನೀರು, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಇರಬೇಕು. 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳ ಒಳಗೆ ಇವನ್ನು ಒದಗಿಸಿ ಅಂತ ರಾಜ್ಯಗಳಿಗೆ ಮತ್ತೆ ಆದೇಶ ಮಾಡಿತು. ಇದು ಶಾಲೆ ತೋರಿಸುವ ದಯೆಯಲ್ಲ, ಮಗುವಿನ ಹಕ್ಕು.

ಆದರೂ ಎರಡು ಕಡೆ ನಾವು ಇನ್ನೂ ಎಡವುತ್ತಿದ್ದೇವೆ.

ಒಂದು, ಹೆಣ್ಣುಮಕ್ಕಳ ಮುಟ್ಟಿನ ಪಾಠ. ಮನೆಯಲ್ಲಿ ಅಮ್ಮ ನಾಚಿಕೊಳ್ಳುತ್ತಾಳೆ, ಶಾಲೆಯಲ್ಲಿ ಹೇಳಿಕೊಡುತ್ತಾರೆ ಅಂದುಕೊಳ್ಳುತ್ತಾಳೆ. ಶಾಲೆಯಲ್ಲಿ ಮೇಷ್ಟ್ರು ಆ ಪುಟ ದಾಟಿ ಮುಂದೆ ಹೋಗುತ್ತಾರೆ, ಅದು ಮನೆಯವರ ವಿಷಯ ಅಂದುಕೊಳ್ಳುತ್ತಾರೆ. ಇಬ್ಬರ ನಡುವೆ ಹುಡುಗಿ ಹೆದರಿಕೊಂಡು ಒಬ್ಬಳೇ ಉಳಿಯುತ್ತಾಳೆ. ಶಾಲೆಯ ಹುಡುಗಿಯರಿಗೆ ಪ್ಯಾಡ್ ಕೊಡುವ 'ಶುಚಿ' ಯೋಜನೆಯನ್ನು ಕರ್ನಾಟಕ ಸರ್ಕಾರ 2013ರ ಹೊತ್ತಿಗೆ ತಂದಿತು. ನಡುವೆ ಕೆಲವು ವರ್ಷ ಅದು ನಿಂತೂ ಹೋಗಿತ್ತು. ಯೋಜನೆ ನಿಲ್ಲಬಹುದು, ತಿಂಗಳು ನಿಲ್ಲುವುದಿಲ್ಲ. ಈ ಪಾಠವನ್ನು ಅಮ್ಮನೂ ಹೇಳಬೇಕು, ಟೀಚರೂ ಹೇಳಬೇಕು. ಎರಡು ಸಲ ಕೇಳಿದರೆ ನಷ್ಟವಿಲ್ಲ.

ಎರಡು, ಶುಚಿಯ ಹೆಸರಲ್ಲಿ ಶಿಕ್ಷೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ನೀವೂ ಓದಿರುತ್ತೀರಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪ ಅವರು ಮಂತ್ರಿಯಾಗಿದ್ದಾಗ, ನಿಷೇಧಿಸಿದ ರಾಜ್ಯ ನಮ್ಮದು. ಐವತ್ತು ವರ್ಷ ಕಳೆದ ಮೇಲೆ ಅದೇ ರಾಜ್ಯದ ಶಾಲೆಯಲ್ಲಿ ಮಕ್ಕಳನ್ನೇ ಗುಂಡಿಗೆ ಇಳಿಸಿದರು.

ಮಕ್ಕಳು ತರಗತಿ ಗುಡಿಸುವುದು ತಪ್ಪಾ? ನಮ್ಮ ಉತ್ತರ ಇದು. ಎಲ್ಲ ಮಕ್ಕಳು ಸರದಿಯಲ್ಲಿ, ಗಂಡು ಹೆಣ್ಣು ಭೇದವಿಲ್ಲದೆ, ಮೇಷ್ಟ್ರೂ ಕೂಡಿ ತಾವು ಕೂರುವ ಜಾಗ ಗುಡಿಸಿಕೊಂಡರೆ ಅದು ಪಾಠ. ಒಂದು ಕೇರಿಯ ಮಕ್ಕಳನ್ನೇ ಕರೆದರೆ, ಹುಡುಗಿಯರಿಗೇ ಪೊರಕೆ ಕೊಟ್ಟರೆ, ಶೌಚಾಲಯ ತೊಳೆಸಿದರೆ, ಗುಂಡಿಗೆ ಇಳಿಸಿದರೆ ಅದು ಪಾಠವಲ್ಲ, ಅಪರಾಧ. ಚಂಪಾರಣ್ಯದಲ್ಲಿ ಪೊರಕೆ ಹಿಡಿದದ್ದು ಕಲಿಸಲು ಬಂದ ದೊಡ್ಡವರು.

ಹಾಗಾದರೆ ಯಾರು ಕಲಿಸಬೇಕು?

ಇಷ್ಟೆಲ್ಲ ನೋಡಿದ ಮೇಲೆ ನಮಗೆ ಅನ್ನಿಸಿದ್ದು ಹೀಗೆ. ಅಭ್ಯಾಸ ಮಾಡಿಸುವುದು ಮನೆ, ಕಾರಣ ಹೇಳುವುದು ಶಾಲೆ, ಒದಗಿಸುವುದು ಊರು.

ಮಗು ಶಾಲೆಗೆ ಬರುವಷ್ಟರಲ್ಲಿ ಐದಾರು ವರ್ಷ ಕಳೆದಿರುತ್ತದೆ. ಕೈ ತೊಳೆಯುವುದು, ಹಲ್ಲುಜ್ಜುವುದು ಅಷ್ಟರಲ್ಲೇ ರೂಢಿಯಾಗಬೇಕು. ಅದು ಮಾತಿನಿಂದ ಬರುವುದಿಲ್ಲ, ನೋಡಿ ಬರುತ್ತದೆ. ಅಪ್ಪ ಹೊಲದಿಂದ ಬಂದು ಕೈ ತೊಳೆಯದೆ ತಟ್ಟೆಗೆ ಕೂತರೆ ಅಮ್ಮ ಎಷ್ಟು ಹೇಳಿದರೂ ಮಗು ಅಪ್ಪನನ್ನೇ ಕಲಿಯುತ್ತದೆ. ಮನೆಯ ಪಾಠ ಅಂದರೆ ಅಮ್ಮನ ಪಾಠ ಮಾತ್ರ ಅಂತ ನಾವು ತಿಳಿದಿರುವುದೂ ಹಳೆಯ ತಪ್ಪು.

ಯಾಕೆ ತೊಳೆಯಬೇಕು ಅನ್ನುವುದನ್ನು ಶಾಲೆ ಹೇಳಬೇಕು. ಕಣ್ಣಿಗೆ ಕಾಣದ ಕ್ರಿಮಿ, ಜಂತುಹುಳು, ನೀರಿನಿಂದ ಬರುವ ಕಾಯಿಲೆ. ಫೆಬ್ರವರಿಯಲ್ಲಿ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳುವಿನ ಮಾತ್ರೆ ಕೊಡುತ್ತಾರಲ್ಲ, ಆ ದಿನ ಮಾತ್ರೆ ನುಂಗಿಸಿ ಸುಮ್ಮನಾಗದೆ ಹುಳು ಹೊಟ್ಟೆಗೆ ಬಂದದ್ದು ಹೇಗೆ ಅಂತಲೂ ಹೇಳಿದರೆ ಅರ್ಧ ಪಾಠ ಮುಗಿದಂತೆ. ಮಡಿ ಬೇರೆ, ಶುಚಿ ಬೇರೆ ಅಂತ ಹೇಳಿಕೊಡಬಲ್ಲ ಜಾಗವೂ ಶಾಲೆಯೇ. ಎಷ್ಟೋ ಮನೆಗಳಲ್ಲಿ ಆ ಮಾತು ಇನ್ನೂ ಹುಟ್ಟಿಲ್ಲ.

ನೀರು ಮಾತ್ರ ಮನೆಯೂ ತರಲಾರದು, ಮೇಷ್ಟ್ರೂ ತರಲಾರರು. ಅದು ಪಂಚಾಯಿತಿಯ ಕೆಲಸ. ಅಲ್ಲಿಗೆ ಪ್ರಶ್ನೆ ಒಯ್ಯಲು ನಿಮಗೆ ದಾರಿ ಇದೆ. ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ ಬಂದದ್ದು 2001ರಲ್ಲಿ. ಅದರಲ್ಲಿ ಹೆಚ್ಚಿನವರು ಪೋಷಕರೇ. ಮುಂದಿನ ಸಭೆಗೆ ಹೋದಾಗ ಮಕ್ಕಳ ಉಗುರಿನ ವಿಷಯ ಬರುವ ಮುಂಚೆ ಈ ಐದು ಪ್ರಶ್ನೆ ಕೇಳಿ:

ಊಟದ ಹೊತ್ತಿಗೆ ನಲ್ಲಿಯಲ್ಲಿ ನೀರು ಬರುತ್ತದಾ?

ನಲ್ಲಿ ಹತ್ತಿರ ಸೋಪು ಇದೆಯಾ, ಅಥವಾ ಆಫೀಸಿನ ಬೀರುವಿನಲ್ಲಿ ಇದೆಯಾ?

ಹುಡುಗಿಯರ ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯಾ? ಹೊರಗಿನಿಂದ ಬೀಗ ಹಾಕಿದ್ದಾರಾ?

ಶೌಚಾಲಯ ತೊಳೆಯುವವರು ಯಾರು? ಅವರಿಗೆ ಸಂಬಳ ಕೊಡುವವರು ಯಾರು?

ನೀರಿನ ಟ್ಯಾಂಕ್ ಕೊನೆಯ ಸಲ ತೊಳೆದದ್ದು ಯಾವಾಗ?

ಈ ಐದಕ್ಕೂ ಸರಿಯಾದ ಉತ್ತರ ಸಿಕ್ಕರೆ, ಆಮೇಲೆ ಮೇಷ್ಟ್ರು ಉಗುರು ನೋಡಲಿ, ನಾವೂ ಮನೆಯಲ್ಲಿ ನೋಡೋಣ. ಉತ್ತರ ಸಿಗದಿದ್ದರೆ ಮಗುವನ್ನು ಬೈಯುವ ಹಕ್ಕು ಮೇಷ್ಟ್ರಿಗೂ ಇಲ್ಲ, ನಮಗೂ ಇಲ್ಲ.